ಲಿನಕ್ಸ್ ಡೆಸ್ಕ್‌ಟಾಪ್‌ಗೆ ಕೋಡ್ ಬರೆಯಲು ದುಡ್ಡು ಕಟ್ಟಬೇಕೇ?

'ಓಪನ್ ಸೋರ್ಸ್ ಇಂಟರ್ನ್‌ಶಿಪ್! ನೋಂದಣಿ ಶುಲ್ಕ ಕಟ್ಟಿ, ಸರ್ಟಿಫಿಕೇಟ್ ಪಡೆಯಿರಿ, ಸೀಟು ಕೆಲವೇ ಉಳಿದಿವೆ.' ಇಂಥ ಸಂದೇಶ ದಾವಣಗೆರೆ, ಹರಿಹರದ ಇಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದರ ಬೆನ್ನಲ್ಲೇ ಇನ್ನೊಂದು ಬರುತ್ತದೆ: 'ಉಚಿತ ಸಾಫ್ಟ್‌ವೇರ್ ನಂಬಬೇಡಿ, ಯಾರು ಬೇಕಾದರೂ ಅದಕ್ಕೆ ವೈರಸ್ ಸೇರಿಸಬಹುದು.' ಎರಡನ್ನೂ ನಾವು ನೋಡಿದೆವು. ಮೊದಲನೆಯದು ಪೂರ್ತಿ ದಾರಿ ತಪ್ಪಿಸುವಂಥದ್ದು. ಎರಡನೆಯದರಲ್ಲಿ ಚೂರು ನಿಜವಿದೆ, ಆ ಚೂರನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಎಂದರೇನು ಎಂದು ನೋಡೋಣ. ಕಂಪ್ಯೂಟರ್ ಆನ್ ಮಾಡಿದಾಗ ಕಾಣುವ ಮೆನು, ಕೆಳಗಿನ ಪಟ್ಟಿ, ಫೈಲು ತೆರೆಯುವ ಕಿಟಕಿ, ಸೆಟ್ಟಿಂಗ್ಸ್ ಎಲ್ಲ ಸೇರಿದ ಕಟ್ಟು ಅದು. ಲಿನಕ್ಸ್‌ನಲ್ಲಿ ಅದನ್ನು ಬೇಕಾದ ಹಾಗೆ ಆರಿಸಿಕೊಳ್ಳಬಹುದು. ಹೆಚ್ಚು ಬಳಕೆಯಲ್ಲಿರುವವು ಎರಡು. ಕೆಡಿಇಯನ್ನು ಮಥಿಯಾಸ್ ಎಟ್ರಿಚ್ ಎಂಬ ಜರ್ಮನ್ ವಿದ್ಯಾರ್ಥಿ 1996ರ ಅಕ್ಟೋಬರ್ 14ರಂದು ಘೋಷಿಸಿದರು. ಗ್ನೋಮ್ 1997ರಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ ಅವರಿಂದ ಶುರುವಾಯಿತು. ಎರಡರ ಕೋಡೂ ಇಂಟರ್ನೆಟ್‌ನಲ್ಲಿ ತೆರೆದಿಟ್ಟಿದೆ. ಓದಲು, ತಿದ್ದಲು, ತಿದ್ದಿದ್ದನ್ನು ಕಳುಹಿಸಲು ಒಂದು ರೂಪಾಯಿಯೂ ಬೇಡ.

ಹಾಗಾದರೆ ಯಾರೂ ಹಣ ಕೊಡುವುದೇ ಇಲ್ಲವೇ? ಕೊಡುತ್ತಾರೆ, ಆದರೆ ನಿಮಗೆ! 2005ರಿಂದ ನಡೆಯುತ್ತಿರುವ 'ಗೂಗಲ್ ಸಮ್ಮರ್ ಆಫ್ ಕೋಡ್' ಯೋಜನೆಯಲ್ಲಿ ಆಯ್ಕೆಯಾದವರಿಗೆ ಸ್ಟೈಪೆಂಡ್ ಸಿಗುತ್ತದೆ. ಅರ್ಜಿಗೆ ಶುಲ್ಕವಿಲ್ಲ. 2022ರಿಂದ ವಿದ್ಯಾರ್ಥಿಗಳಲ್ಲದ, 18 ತುಂಬಿದ ಹೊಸಬರೂ ಅರ್ಜಿ ಹಾಕಬಹುದು. ಕೆಡಿಇಯದ್ದೇ 'ಸೀಸನ್ ಆಫ್ ಕೆಡಿಇ' ಎಂಬ ಕಾರ್ಯಕ್ರಮವೂ ಇದೆ. ಹಣ ಕೇಳುವ ಲಿಂಕ್ ಬಂದರೆ ಅಲ್ಲಿಗೇ ನಿಲ್ಲಿಸಿ, ಗುಂಪಿಗೆ ಫಾರ್ವರ್ಡ್ ಮಾಡಬೇಡಿ.

ಇದೆಲ್ಲ ಬೆಂಗಳೂರಿನವರಿಗೆ ಮಾತ್ರ ಎಂಬ ಮಾತೂ ಇದೆ. 2011ರಲ್ಲಿ ಭಾರತದ ಮೊದಲ ಕೆಡಿಇ ಸಮ್ಮೇಳನ ನಡೆದದ್ದು ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ, ಅದೇ ವರ್ಷ ಗ್ನೋಮ್ ಏಷ್ಯಾ ಸಮ್ಮೇಳನವೂ ಬೆಂಗಳೂರಿನಲ್ಲೇ ಆಯಿತು, ನಿಜ. ಆದರೆ ಕೆಲಸ ನಡೆಯುವುದು ಸಮ್ಮೇಳನದಲ್ಲಲ್ಲ, ಇಂಟರ್ನೆಟ್‌ನಲ್ಲಿ. ಬಿಐಇಟಿಯ ಹಾಸ್ಟೆಲ್‌ನಲ್ಲಿ ಕೂತವರಿಗೂ ಬರ್ಲಿನ್‌ನಲ್ಲಿ ಕೂತವರಿಗೂ ಇರುವುದು ಒಂದೇ ಬಾಗಿಲು.

ಇನ್ನೂ ಹೇಳಬೇಕೆಂದರೆ, ಕೆಲವು ದೋಷಗಳು ಬರ್ಲಿನ್‌ನವರಿಗೆ ಕಾಣುವುದೇ ಇಲ್ಲ. 'ಸೂರ್ಯ' ಎಂದು ಬರೆದಾಗ ಅರ್ಕಾವತ್ತು ಬರಬೇಕು. 'ರ‍್ಯಾಂಕ್' ಎಂದು ಬರೆದಾಗ ಬರಬಾರದು, ರ ಅಕ್ಷರದ ಕೆಳಗೆ ಯ ಒತ್ತು ಬರಬೇಕು. ಎರಡರಲ್ಲೂ ಕಂಪ್ಯೂಟರ್‌ಗೆ ಹೋಗುವ ಅಕ್ಷರಗಳು ಅವೇ: ರ, ಹಲಂತ ಗುರುತು, ಯ. ಎರಡನೆಯದರಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆ ಗುರುತು ಸೇರಿಸಬೇಕು. ಯಾವುದೋ ತಂತ್ರಾಂಶ ಆ ಗುರುತನ್ನು ನುಂಗಿಬಿಟ್ಟರೆ ರ‍್ಯಾಂಕ್ ಹೋಗಿ 'ರ್ಯಾಂಕ್' ಆಗುತ್ತದೆ. ಕನ್ನಡ ಓದುವವರು ತಕ್ಷಣ ಹಿಡಿಯುತ್ತಾರೆ, ಉಳಿದವರಿಗೆ ಎರಡೂ ಒಂದೇ ಚಿತ್ರ. ಅಕ್ಷರಗಳನ್ನು ಹೀಗೆ ಜೋಡಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಗ್ನೋಮ್, ಕೆಡಿಇಗಳಲ್ಲಷ್ಟೇ ಅಲ್ಲ, ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲೂ ಇದೆ. ಅಲ್ಲಿ ಒಬ್ಬರು ಮಾಡಿದ ತಿದ್ದುಪಡಿ ನೀವೀಗ ಕೈಯಲ್ಲಿ ಹಿಡಿದಿರುವ ಫೋನಿಗೂ ಬರುತ್ತದೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ 'ಕಗಪ' ಎಂಬ ಕನ್ನಡ ವಿನ್ಯಾಸ ಇದೆಯಲ್ಲ, ಅದು ಕನ್ನಡ ಗಣಕ ಪರಿಷತ್ತಿನ ಹೆಸರು. ಅದೂ ಯಾರೋ ಕೂತು ಸೇರಿಸಿದ್ದೇ, ತಾನಾಗಿ ಬಂದದ್ದಲ್ಲ.

ಶುರು ಮಾಡುವುದು ಹೇಗೆ?

ಕೆಡಿಇಗೆ ಸಿ++ ಮತ್ತು ಕ್ಯೂಟಿ ಗೊತ್ತಿದ್ದರೆ ಅನುಕೂಲ. ಗ್ನೋಮ್‌ನಲ್ಲಿ ಸಿ, ಜಾವಾಸ್ಕ್ರಿಪ್ಟ್, ಈಚೆಗೆ ರಸ್ಟ್ ಕೂಡ ನಡೆಯುತ್ತದೆ. ಎರಡೂ ಯೋಜನೆಗಳು ತಮ್ಮದೇ ಗಿಟ್‌ಲ್ಯಾಬ್ ತಾಣ ಇಟ್ಟುಕೊಂಡಿವೆ, ಹೊಸಬರಿಗೆಂದೇ ಗುರುತು ಹಾಕಿದ ಚಿಕ್ಕ ದೋಷಗಳೂ ಅಲ್ಲಿರುತ್ತವೆ. ಮೊದಲ ದಿನವೇ ಹೊಸ ಫೀಚರ್ ಬರೆಯಲು ಹೋಗಬೇಡಿ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಕಲಿತ ಹಿರಿಯರು ಮನೆಯಲ್ಲಿದ್ದರೆ ಕೇಳಿ ನೋಡಿ, ಹೊಸಬರ ಕೈಗೆ ಮೊದಲ ದಿನವೇ ಮೆಷಿನ್ ಕೊಡುತ್ತಿದ್ದರೇ ಎಂದು. ಒಂದು ಸಣ್ಣ ಆ್ಯಪ್‌ನ ಕೋಡ್ ಇಳಿಸಿಕೊಳ್ಳಿ, ನಿಮ್ಮ ಯಂತ್ರದಲ್ಲಿ ಬಿಲ್ಡ್ ಆಗುವಂತೆ ಮಾಡಿ. ಇಲ್ಲೇ ಹೆಚ್ಚಿನವರು ಸೋತು ಬಿಡುತ್ತಾರೆ, ಎರಡು ಮೂರು ಸಂಜೆ ಇದಕ್ಕೇ ಹೋದರೂ ಗಾಬರಿ ಬೇಡ. ಆಮೇಲೆ ದೋಷ ಸರಿಪಡಿಸಿ ಮರ್ಜ್ ರಿಕ್ವೆಸ್ಟ್ ಕಳುಹಿಸಿ. ಹಿರಿಯ ಡೆವಲಪರ್ ಓದಿ, ಇದು ಸರಿಯಿಲ್ಲ, ಅದು ಬದಲಿಸಿ ಎನ್ನುತ್ತಾರೆ. ಅದು ಬೈಗುಳವಲ್ಲ, ಎಲ್ಲರಿಗೂ ಹಾಗೇ.

ಒಂದು ಎಚ್ಚರಿಕೆ. 2020ರ ಅಕ್ಟೋಬರ್‌ನಲ್ಲಿ 'ಹ್ಯಾಕ್ಟೋಬರ್‌ಫೆಸ್ಟ್'ನ ಉಚಿತ ಟೀ ಶರ್ಟ್ ಆಸೆಗೆ ಸಾವಿರಾರು ಜನ ಅರ್ಥವಿಲ್ಲದ ತಿದ್ದುಪಡಿ ಕಳುಹಿಸಿದರು. ಅದರಲ್ಲಿ ಭಾರತದ ಒಂದು ಯೂಟ್ಯೂಬ್ ವಿಡಿಯೊದ ಪಾಲು ದೊಡ್ಡದಿತ್ತು. ಬೇಸತ್ತ ಆಯೋಜಕರು, ಒಪ್ಪಿದ ಯೋಜನೆಗಳಿಗೆ ಮಾತ್ರ ಸ್ಪರ್ಧೆ ಎಂದು ನಿಯಮವನ್ನೇ ಬದಲಿಸಿದರು. ರೆಸ್ಯೂಮೆಗಾಗಿ ಒಂದು ಸ್ಪೆಲ್ಲಿಂಗ್ ತಿದ್ದಿ ಕಳುಹಿಸುವವರಿಗೆ ಇದು ನೆನಪಿರಲಿ.

ಯಾರು ಬೇಕಾದರೂ ವೈರಸ್ ಸೇರಿಸಬಹುದೇ?

ತಿದ್ದುಪಡಿ ಕಳುಹಿಸಬಹುದು, ಆದರೆ ಪರಿಶೀಲಿಸಿದವರು ಒಪ್ಪದೆ ಅದು ಒಳಗೆ ಹೋಗುವುದಿಲ್ಲ. ಹಾಗಂತ ಅಪಾಯವೇ ಇಲ್ಲ ಎಂದರೆ ನಾವು ಸುಳ್ಳು ಹೇಳಿದಂತೆ. ಲಿನಕ್ಸ್‌ನಲ್ಲಿ ಫೈಲು ಕುಗ್ಗಿಸುವ ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶಕ್ಕೆ 'ಜಿಯಾ ಟಾನ್' ಹೆಸರಿನ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿಕೊಟ್ಟು, ನಂಬಿಕೆ ಗಳಿಸಿ, ಕೊನೆಗೆ ಕಳ್ಳದಾರಿ ಇಟ್ಟಿತು. 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದವರು ಆಂಡ್ರೆಸ್ ಫ್ರೋಯಿಂಡ್ ಎಂಬ ಇಂಜಿನಿಯರ್. ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನ ಬಂದು ಕೆದಕಿದ್ದರು. ಕೋಡ್ ತೆರೆದಿದ್ದರಿಂದಲೇ ಕೆದಕಲು ಸಾಧ್ಯವಾಯಿತು. ಕಳ್ಳದಾರಿ ಡೆಬಿಯನ್, ಫೆಡೋರಾಗಳ ಪರೀಕ್ಷಾ ಆವೃತ್ತಿಗಳನ್ನು ಮುಟ್ಟಿತ್ತು, ಜನಬಳಕೆಯ ಸ್ಥಿರ ಆವೃತ್ತಿಗಳಿಗೆ ಬರಲಿಲ್ಲ.

ಇನ್ನು 'ವಿಂಡೋಸ್ 10 ಮುಗಿಯಿತು, ಹಳೆ ಲ್ಯಾಪ್‌ಟಾಪ್ ಗುಜರಿಗೆ ಹಾಕಿ' ಎಂಬ ಫಾರ್ವರ್ಡ್. ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ನಿಜ. ಕಾಕತಾಳೀಯವಾಗಿ ಅದು ಕೆಡಿಇಯ ಹುಟ್ಟುಹಬ್ಬ. ಗುಜರಿಗೆ ಹಾಕುವ ಮೊದಲು ಒಂದು ಪೆನ್‌ಡ್ರೈವ್‌ಗೆ ಲಿನಕ್ಸ್ ತುಂಬಿ, ಇನ್‌ಸ್ಟಾಲ್ ಮಾಡದೆಯೇ ಅದರಿಂದ ನಡೆಸಿ ನೋಡಿ. ರ‍್ಯಾಮ್ ಕಡಿಮೆ ಇದ್ದರೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಇರುವ ಆವೃತ್ತಿ ಆರಿಸಿ. ನಡೆಸುವಾಗ ಕನ್ನಡ ಎಲ್ಲಾದರೂ ಒಡೆದು ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನೀವು ದಾಖಲಿಸುವ ಮೊದಲ ದೋಷ ಅದೇ ಆಗಬಹುದು.