ಫೋರ್ಟಿನಲ್ಲೊಂದು ನಿಧಿಶೋಧ: ಮುಂಬಯಿಯ ಬೀದಿಶಿಲ್ಪಗಳು

ಮುಂಬಯಿಯಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳಿಗೆ ಹಳೇಬೀಡು, ಬಾದಾಮಿ, ವಿಜಯಪುರಗಳನ್ನು ತಪ್ಪದೆ ತೋರಿಸುತ್ತವೆ. ಅದೇ ಮಕ್ಕಳು ಹುಟ್ಟಿ ಬೆಳೆದ ಈ ನಗರದ ಶಿಲ್ಪಗಳನ್ನು ನಿಂತು ತೋರಿಸಿದವರು ಮಾತ್ರ ವಿರಳ. ಲೋಕಲ್ ಇಳಿದೊಡನೆ ತಲೆ ತಗ್ಗಿಸಿ ಕಚೇರಿಯತ್ತ ಓಡುವುದು ನಮ್ಮೆಲ್ಲರ ಅಭ್ಯಾಸ. ಬ್ಯಾಂಕಿನ ಹಾಜರಿ ಪುಸ್ತಕದ ಭಯದಲ್ಲಿ ವರ್ಷಗಟ್ಟಲೆ ಹಾಗೆಯೇ ಓಡಿದವರಲ್ಲಿ ಈ ಲೇಖಕನೂ ಒಬ್ಬ.

ತಲೆ ಎತ್ತಿಸುವುದಕ್ಕೆ ಒಂದು ಸುಲಭ ಉಪಾಯವಿದೆ. ಪಾಶ್ಚಾತ್ಯರಲ್ಲಿ 'ಸ್ಕ್ಯಾವೆಂಜರ್ ಹಂಟ್' ಎಂಬ ಆಟವುಂಟು. ಸುಳಿವುಗಳ ಚೀಟಿ ಹಿಡಿದು ವಸ್ತುಗಳನ್ನು ಹುಡುಕಿ ತರುವುದು ಅದರ ಕ್ರಮ. ಸಾರ್ವಜನಿಕ ಕಲೆಗೆ ಅದನ್ನು ಅಳವಡಿಸಿದಾಗ ಯಾವುದನ್ನೂ ತರಬೇಕಿಲ್ಲ. ಕಂಡುಹಿಡಿದು, ನೋಡಿ, ಪುಸ್ತಕದಲ್ಲಿ ಒಂದು ಗೆರೆ ಬರೆದುಕೊಂಡರಾಯಿತು. ಹಿರಿಯರೊಬ್ಬರು ಮೊದಲೇ ಹೋಗಿ ಸುಳಿವುಗಳನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಸಿಂಹ, ದೀವಟಿಗೆ, ಗುಮ್ಮಟ, ಪೀಠ ಮುಂತಾದ ಪದಗಳು ಆಟದ ನೆವದಲ್ಲಿ ಮಕ್ಕಳ ನಾಲಗೆಗೆ ಬರುತ್ತವೆ. ಭಾನುವಾರದ ಬೆಳಗು ಪ್ರಶಸ್ತ. ಒಂದು ದುರ್ಬೀನು ಜೊತೆಯಲ್ಲಿರಲಿ.

ಆರಂಭ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದಲೇ ಆಗಬೇಕು. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಲ್ಲಿ 1878ರಲ್ಲಿ ಕೆಲಸ ತೊಡಗಿ 1888ರಲ್ಲಿ ಮುಗಿದ ಈ ನಿಲ್ದಾಣ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎದುರಿನ ಮಹಾನಗರ ಪಾಲಿಕೆಯ ಕಟ್ಟಡದ ಮುಂದೆ, ಸರ್ ಫಿರೋಜ್‌ಶಾ ಮೆಹ್ತಾ ಅವರ ಪ್ರತಿಮೆಯ ಬಳಿ ನಿಂತರೆ ಅದರ ಮುಖ ಚೆನ್ನಾಗಿ ಕಾಣುತ್ತದೆ. ದ್ವಾರದ ಎರಡು ಕಂಬಗಳ ಮೇಲಿರುವ ಪ್ರಾಣಿಗಳು ಯಾವುವು ಎಂಬುದು ಮೊದಲ ಪ್ರಶ್ನೆಯಾಗಲಿ. ಎರಡೂ ಸಿಂಹಗಳೆಂದು ಮಕ್ಕಳು ಮಾತ್ರವಲ್ಲ, ದೊಡ್ಡವರೂ ಹೇಳುವುದುಂಟು. ಒಂದು ಬ್ರಿಟನ್ನನ್ನು ಸೂಚಿಸುವ ಸಿಂಹ, ಇನ್ನೊಂದು ಭಾರತವನ್ನು ಸೂಚಿಸುವ ಹುಲಿ. ನಡುಗುಮ್ಮಟದ ತುದಿಯಲ್ಲಿ ದೀವಟಿಗೆ ಎತ್ತಿ ನಿಂತಿರುವ ಸ್ತ್ರೀ 'ಪ್ರಗತಿ'. ಗೋಡೆಗಳ ಮೇಲಿನ ಎಲೆ, ಬಳ್ಳಿ, ಪ್ರಾಣಿ, ಪಕ್ಷಿಗಳ ಕೆತ್ತನೆಯಲ್ಲಿ ಸರ್ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈವಾಡವಿದೆ. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂದೆ ಕಲಿತದ್ದೂ ಕಲಿಸಿದ್ದೂ ಅದೇ ಶಾಲೆಯಲ್ಲಿ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಎರಡನೆಯ ಪ್ರಶ್ನೆ ಸ್ವಲ್ಪ ಕಠಿಣ: ಗಡಿಯಾರದ ಕೆಳಗಿನ ಗೂಡಿನಲ್ಲಿ ಯಾರು ಇಲ್ಲ? ಅಲ್ಲಿದ್ದವಳು ವಿಕ್ಟೋರಿಯಾ ರಾಣಿ. ಸ್ವಾತಂತ್ರ್ಯಾನಂತರ ಆ ಪ್ರತಿಮೆಯನ್ನು ತೆಗೆಯಲಾಯಿತು. ಇರುವುದನ್ನಷ್ಟೇ ಅಲ್ಲದೆ ಇಲ್ಲದ್ದನ್ನೂ ಹುಡುಕಬೇಕಾದದ್ದು ಮುಂಬಯಿಯ ನಿಧಿಶೋಧದ ವೈಶಿಷ್ಟ್ಯ.

ನಿಲ್ದಾಣದ ಪಕ್ಕದಲ್ಲೇ ಪ್ರಧಾನ ಅಂಚೆ ಕಚೇರಿ. "ನಾವು ರಜೆಯಲ್ಲಿ ಕಂಡ ಕಟ್ಟಡವೊಂದು ಇಲ್ಲಿ ಮಾರುವೇಷದಲ್ಲಿದೆ, ಯಾವುದು?" ಎಂದು ಕೇಳಿನೋಡಿ. ಜಾನ್ ಬೆಗ್ ರೂಪಿಸಿ 1913ರಲ್ಲಿ ಪೂರ್ಣಗೊಂಡ ಈ ಕಟ್ಟಡಕ್ಕೆ ವಿಜಯಪುರದ ಗೋಳಗುಮ್ಮಟವೇ ಮಾದರಿ. 1656ರ ಸುಮಾರಿಗೆ ಮುಗಿದ ಮೊಹಮ್ಮದ್ ಆದಿಲ್ ಶಾಹನ ಸಮಾಧಿಯ ಛಾಯೆ ಎರಡೂವರೆ ಶತಮಾನಗಳ ತರುವಾಯ ಮುಂಬಯಿಯ ಅಂಚೆ ಕಚೇರಿಯ ಮೇಲೆ ಬಿದ್ದಿತು. ಊರಿಗೆ ಮನಿಯಾರ್ಡರ್ ಕಳುಹಿಸಲು ಈ ಗುಮ್ಮಟದ ಕೆಳಗೆ ಸಾಲುಗಟ್ಟಿದ ನಮ್ಮ ಹಿರಿಯರಲ್ಲಿ ಎಷ್ಟು ಮಂದಿಗೆ ಇದು ತಿಳಿದಿತ್ತೋ!

ಅಲ್ಲಿಂದ ಸರ್ ಫಿರೋಜ್‌ಶಾ ಮೆಹ್ತಾ ರಸ್ತೆಗೆ ಬಂದರೆ 1938ರ ಲಕ್ಷ್ಮಿ ಕಟ್ಟಡ. ಅದರ ಗೋಪುರದ ನೆತ್ತಿಯಲ್ಲಿ ಸಾಕ್ಷಾತ್ ಲಕ್ಷ್ಮಿಯೇ ನಿಂತಿದ್ದಾಳೆ. ವಿಮಾ ಸಂಸ್ಥೆಗೆ ಇದಕ್ಕಿಂತ ಯೋಗ್ಯ ದೇವತೆ ಇರಲಾರಳು. ಮಹಾತ್ಮ ಗಾಂಧಿ ರಸ್ತೆಯ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಟ್ಟಡ (1936) ಇನ್ನೂ ಸೊಗಸು. ಶಿಲ್ಪಿ ಎನ್.ಜಿ. ಪಾನ್ಸರೆ ಅದರ ಮುಖದ ಮೇಲೆ ದೊರೆ-ದೊರೆಸಾನಿಯರನ್ನು ಬಿಟ್ಟು ದುಡಿಯುವ ಜನರನ್ನು ಕೆತ್ತಿದ್ದಾರೆ. ಅವರ ಕೈಯಲ್ಲಿರುವ ಕಸುಬುಗಳನ್ನು ಮಕ್ಕಳೇ ಗುರುತಿಸಲಿ.

ಇನ್ನು ಫ್ಲೋರಾ ಫೌಂಟನ್. ರೋಮನ್ನರ ಪುಷ್ಪದೇವತೆಯ ಈ ಕಾರಂಜಿ 1864ರದು. ರಿಚರ್ಡ್ ನಾರ್ಮನ್ ಶಾ ವಿನ್ಯಾಸ ಮಾಡಿದ್ದು, ಕಡೆದವರು ಜೇಮ್ಸ್ ಫೋರ್ಸೈತ್. ಮೊದಲು ಇದನ್ನು ಭಾಯಖಳದ ರಾಣಿಬಾಗಿನಲ್ಲಿ ಇಡುವ ಉದ್ದೇಶವಿತ್ತೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಪ್ರಯೋಜನಕ್ಕೆ ಬರುತ್ತದೆ. ಕಾರಂಜಿಯ ಹತ್ತಿರವೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಮಡಿದವರ ಸ್ಮಾರಕವಿದೆ. ಚೌಕಕ್ಕೆ ಹುತಾತ್ಮರ ಹೆಸರು ಬಂದದ್ದು ಆ ಕಾರಣದಿಂದ. ಹೂವಿನ ದೇವತೆ ಮತ್ತು ದೀವಟಿಗೆ ಹಿಡಿದ ಹೋರಾಟಗಾರರು ಪರಸ್ಪರರನ್ನು ಗಮನಿಸದೆ ನಿಂತಿರುವ ಈ ನೋಟ ಮುಂಬಯಿಯ ಸ್ವಭಾವಕ್ಕೆ ಒಪ್ಪುವಂಥದು.

ಓವಲ್ ಮೈದಾನದಿಂದ ರಾಜಾಬಾಯಿ ಗೋಪುರವನ್ನು (1878) ದುರ್ಬೀನಿನಲ್ಲಿ ನೋಡಿದರೆ ಮೇಲ್ಭಾಗದಲ್ಲಿ ಪಶ್ಚಿಮ ಭಾರತದ ವಿವಿಧ ಜಾತಿ ಸಮುದಾಯಗಳ ಪ್ರತಿಮೆಗಳು ಕಾಣುತ್ತವೆ. ಪೇಟ, ಉಡುಪುಗಳ ವ್ಯತ್ಯಾಸವನ್ನು ಎಣಿಸುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಮುಂದಿನದು ಕಾಲಾ ಘೋಡಾ, ಅರ್ಥಾತ್ ಕರಿಕುದುರೆ. ಇಡೀ ಶೋಧದಲ್ಲಿ ಅತ್ಯಂತ ಸ್ವಾರಸ್ಯದ ಸ್ಥಳವಿದು. 1875-76ರಲ್ಲಿ ಭಾರತಕ್ಕೆ ಬಂದಿದ್ದ ಯುವರಾಜ, ಅಂದರೆ ಮುಂದಿನ ಏಳನೆಯ ಎಡ್ವರ್ಡ್, ಕುದುರೆಯೇರಿ ಕುಳಿತ ಕಂಚಿನ ಪ್ರತಿಮೆಯನ್ನು ಆಲ್ಬರ್ಟ್ ಸಸೂನ್ ಮಾಡಿಸಿಕೊಟ್ಟರು. ಶಿಲ್ಪಿ ಜೋಸೆಫ್ ಎಡ್ಗರ್ ಬೋಮ್, ಅನಾವರಣ 1879ರಲ್ಲಿ. ಜನ ರಾಜನನ್ನು ಬಿಟ್ಟು ಕುದುರೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರು, ಬಡಾವಣೆಗೂ ಅದರ ಹೆಸರನ್ನೇ ಇಟ್ಟರು. 1965ರಲ್ಲಿ ಪ್ರತಿಮೆಯನ್ನು ಇಲ್ಲಿಂದ ತೆಗೆಯಲಾಯಿತು. ಹೆಸರು ಮಾತ್ರ ಕದಲಲಿಲ್ಲ. ಐವತ್ತೆರಡು ವರ್ಷ ಕುದುರೆಯೇ ಇಲ್ಲದ ಕಾಲಾ ಘೋಡಾದಲ್ಲಿ ಜನ ಓಡಾಡಿದರು. 1999ರಿಂದ ಕಲಾ ಉತ್ಸವವೂ ಅದೇ ಹೆಸರಿನಲ್ಲಿ ನಡೆಯತೊಡಗಿತು. 2017ರಲ್ಲಿ ಹೊಸ ಕರಿಕುದುರೆ ಬಂದು ನಿಂತಿತು. ಅದರ ಬೆನ್ನು ಬರಿದು, ಸವಾರನಿಲ್ಲ. "ಹತ್ತಿದವರು ಎಲ್ಲಿಗೆ ಹೋದರು?" ಎಂಬುದೇ ಇಲ್ಲಿಯ ಸುಳಿವು. ಉತ್ತರ ಮುಂದಿನ ಭಾನುವಾರಕ್ಕೆ ಇರಲಿ.

ಮನೆಗೆ ಮರಳುವ ಮುನ್ನ ಸಮೀಪದ ವಸ್ತುಸಂಗ್ರಹಾಲಯದ ಗುಮ್ಮಟವನ್ನೂ ತೋರಿಸಿ. ಗೇಟ್‌ವೇಯನ್ನು ರೂಪಿಸಿದ ಜಾರ್ಜ್ ವಿಟೆಟ್ಟನೇ ಇದರ ಕರ್ತೃ. ಇಲ್ಲಿಯೂ ಗೋಳಗುಮ್ಮಟದ ಪ್ರಭಾವವಿದೆ. ಒಂದೇ ಬೆಳಗಿನಲ್ಲಿ ವಿಜಯಪುರ ಎರಡು ಬಾರಿ ಎದುರಾದರೆ ಮಕ್ಕಳಿಗೆ ಆಗುವ ಸಂತೋಷವನ್ನು ಕಂಡವರೇ ಬಲ್ಲರು.

ಎರಡನೆಯ ಭಾನುವಾರ ಭಾಯಖಳದ ರಾಣಿಬಾಗಿಗೆ ಹೋಗಬೇಕು. ಪೆಂಗ್ವಿನ್ ನೋಡುವ ಮಕ್ಕಳ ಹಟ ತೀರಿದ ಮೇಲೆ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯದ ಆವರಣದತ್ತ ನಡೆಯಿರಿ. ಅಲ್ಲೊಂದು ಹಳೆಯ ಕಲ್ಲಾನೆಯಿದೆ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು 'ಎಲಿಫೆಂಟಾ' ಎಂದು ಹೆಸರಿಟ್ಟದ್ದು ಈ ಆನೆಯನ್ನು ಕಂಡೇ. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಹೊರಟಾಗ ಕ್ರೇನ್ ಮುರಿದು ಆನೆ ಚೂರುಚೂರಾಯಿತು. 1914ರಲ್ಲಿ ಆ ತುಂಡುಗಳನ್ನು ಇಲ್ಲಿ ಮತ್ತೆ ಜೋಡಿಸಿದರು. ಬೆಸುಗೆಯ ಗೆರೆಗಳನ್ನು ಹುಡುಕುವ ಕೆಲಸ ಮಕ್ಕಳದು.

ಕಾಲಾ ಘೋಡಾದಿಂದ ಹೊರಟ ರಾಜನನ್ನೂ ಆತನ ಹಳೆಯ ಕುದುರೆಯನ್ನೂ ತಂದಿರಿಸಿದ್ದು ಇದೇ ರಾಣಿಬಾಗಿಗೆ. ಇಲ್ಲಿಗೆ ಬರಬೇಕಾಗಿದ್ದ ಫ್ಲೋರಾ ಫೋರ್ಟಿನಲ್ಲಿ ಉಳಿದಳು, ಫೋರ್ಟಿನಲ್ಲಿದ್ದ ರಾಜ ಇಲ್ಲಿಗೆ ಬಂದ. ಚೀಟಿಯ ಕೊನೆಯ ಸಾಲಿಗೆ ಗುರುತು ಹಾಕುವುದು ಈ ಕುದುರೆಯ ಮುಂದೆ.