ಸೆಟ್ ಆಯ್ತಾ?

ಇಂಗ್ಲಿಷಿನ ಮೂರಕ್ಷರದ ‘ಸೆಟ್’ ನಿಘಂಟುಕಾರರ ಬೆವರಿಳಿಸಿದ ಪದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದರ ಕ್ರಿಯಾಪದ ರೂಪದ್ದೇ. ಅರ್ಥಗಳು 430, ಅವನ್ನು ಬಿಡಿಸಿ ಹೇಳಲು ಸುಮಾರು 60,000 ಪದ! ಒಂದು ಕಾದಂಬರಿಗೆ ಸಾಕು.

ಮಜಾ ಏನೆಂದರೆ, ಇದು ಅಸಲಿಗೆ ಒಂದು ಪದವೇ ಅಲ್ಲ. ಕ್ರಿಯಾಪದ ‘ಸೆಟ್’ ಬಂದದ್ದು ಹಳೆಯ ಇಂಗ್ಲಿಷಿನ ‘ಸೆಟ್ಟನ್’ನಿಂದ. ಕೂರು ಎನ್ನುವ ‘ಸಿಟ್’ಗೆ ಅದು ಕೂರಿಸು. ಗುಂಪು, ಜೊತೆ ಎನ್ನುವ ‘ಸೆಟ್’ ಬೇರೆ ಮನೆತನದ್ದು. ಲ್ಯಾಟಿನ್ನಿನ ‘ಸೆಕ್ಟಾ’ ಹಳೆಯ ಫ್ರೆಂಚಿನ ದಾರಿಯಾಗಿ ಬಂದು ಹೀಗಾಯಿತು. ಪಂಥ ಎನ್ನುವ ‘ಸೆಕ್ಟ್’ ಅದರ ದಾಯಾದಿ. ಎರಡೂ ಒಂದೇ ರೂಪಕ್ಕಿಳಿದು ಎಷ್ಟು ಬೆರೆತವೆಂದರೆ, ಎಷ್ಟೋ ಕಡೆ ಇದು ಯಾರ ಮನೆಯ ಮಗು ಎಂದು ಹೇಳುವುದು ಕಷ್ಟ.

ಕೂರಿಸುವ ಸೆಟ್ ನಮಗೆ ಅಷ್ಟೇನೂ ಪರಕೀಯವಲ್ಲ. ಅಕ್ಕಸಾಲಿ ಉಂಗುರಕ್ಕೆ ಹರಳು ಕೂರಿಸುತ್ತಾನೆ, ತಪ್ಪಿದ ಮೂಳೆಯನ್ನು ವೈದ್ಯರು ಕೂರಿಸುತ್ತಾರೆ. ಇಂಗ್ಲಿಷಿನವರಿಗೆ ಎರಡೂ ಸೆಟ್ಟೇ. ಆದರೆ ಅಲಾರಾಂ ಇಟ್ಟರೂ, ಪ್ರಶ್ನೆಪತ್ರಿಕೆ ತಯಾರಿಸಿದರೂ, ಸಿಮೆಂಟು ಗಟ್ಟಿಯಾದರೂ, ಕೊನೆಗೆ ಸೂರ್ಯ ಮುಳುಗಿದರೂ ಅದೇ ಪದ ಎಂದಾಗ ನಮ್ಮ ‘ಕೂರಿಸು’ ಕೈಚೆಲ್ಲುತ್ತದೆ. ಅಂದಹಾಗೆ, ಆಕ್ಸ್‌ಫರ್ಡ್ ನಿಘಂಟಿನ ಈಚಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ 645 ಅರ್ಥಗಳೊಂದಿಗೆ ಸೆಟ್ಟನ್ನು ಹಿಂದೆ ಹಾಕಿದೆ. ಕೂತವನನ್ನು ಓಡುವವನು ದಾಟದೆ ಇರುತ್ತಾನೆಯೇ?

ಕನ್ನಡಕ್ಕೆ ಮೊದಲು ಒಗ್ಗಿದ್ದು ಗುಂಪಿನ ಸೆಟ್ ಎಂದೇ ನನ್ನ ಅಂದಾಜು. ರೈತರ ಪಂಪ್‌ಸೆಟ್, ವಿದ್ಯುತ್ ಕಚೇರಿಯವರ ಬಾಯಲ್ಲಿ ಐಪಿ ಸೆಟ್. ಗಣಿತದ ಪಠ್ಯಪುಸ್ತಕದಲ್ಲಿ ಮಾತ್ರ ಅದು ಗಂಭೀರವಾಗಿ ‘ಗಣ’. ಇನ್ನು ಸೆಟ್ ದೋಸೆ: ಅಂಗೈಯಗಲದ, ದಪ್ಪನೆಯ, ಮೈಯೆಲ್ಲ ತೂತಿನ, ಮಗುಚಿ ಹಾಕದೆ ಬೇಯಿಸಿದ ದೋಸೆಗಳು ಒಂದರ ಮೇಲೊಂದು, ಪಕ್ಕದಲ್ಲಿ ಸಾಗು. ಮೂರಿದ್ದರೆ ಸೆಟ್ ಎಂದು ನಂಬಿದವನು ನಾನು. ಈಗ ಕೆಲವು ಹೋಟೆಲುಗಳಲ್ಲಿ ಎರಡಕ್ಕೇ ಸೆಟ್ ಮುಗಿಯುತ್ತದೆ. ಕೇಳಿದರೆ ಸಪ್ಲೈಯರ್ ‘ಸೆಟ್ಟು ಅಂದ್ರೆ ಇಷ್ಟೇ ಸಾರ್’ ಎನ್ನುತ್ತಾನೆ. ಅವನ ಮಾತನ್ನು ಯಾವ ನಿಘಂಟೂ ತಳ್ಳಿಹಾಕುವಂತಿಲ್ಲ.

ನನಗೆ ತಕರಾರಿರುವುದು ‘ಸೆಟ್ ಆಗು’ ಬಗ್ಗೆ. ಇದು ಇಂಗ್ಲಿಷಿನ ಸಾಲವಲ್ಲ, ನಾವೇ ಕಟ್ಟಿಕೊಂಡದ್ದು. ಹೆಣ್ಣಿನ ಕಡೆಯವರು ಒಪ್ಪಿದರೆ ಸೆಟ್ ಆಯ್ತು, ಪರವೂರಿನ ನೀರು ಸೆಟ್ ಆಗಲಿಲ್ಲ, ಬ್ಲೌಸಿನ ತೋಳು ಸೆಟ್ ಆಗ್ತಿಲ್ಲ, ಅತ್ತೆ ಸೊಸೆಗೆ ಸೆಟ್ ಆಗಲ್ಲ. ಮೊದಲೆಲ್ಲ ಸಂಬಂಧ ಕುದುರುತ್ತಿತ್ತು, ನೀರು ಒಗ್ಗುತ್ತಿತ್ತು, ಮನಸ್ಸು ಹೊಂದುತ್ತಿತ್ತು. ಈ ಒಂದು ಪದ ಅಷ್ಟನ್ನೂ ನುಂಗಿ ಕೂತಿದೆ. ನಮ್ಮ ಬೀದಿಯ ದರ್ಜಿ ಮಾತ್ರ ಇನ್ನೂ ತೋಳನ್ನು ಹಿಡಿದೆಳೆದು ನೋಡಿ, ‘ಇಲ್ಲಿ ಸರಿಯಾಗಿ ಕೂರ್ತಿಲ್ಲ ಕಣಮ್ಮ, ಬಿಚ್ಚಿ ಹೊಲೀಬೇಕು’ ಎನ್ನುತ್ತಾರೆ.