ಕೆರೆಯ ಸೂಕ್ಷ್ಮ ಕಠಿಣಚರ್ಮಿಗಳು ಮತ್ತು ಡಿಎನ್‌ಎ ಸ್ಥಿರತೆಯ ನಿಯಮ: ಒಂದು ಚಾರಿತ್ರಿಕ ಅವಲೋಕನ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ಸುತ್ತಣ ಪ್ರದೇಶ ಮಳೆಯನ್ನು ನೆಚ್ಚಿದ ಕೆರೆಗಳ ಸೀಮೆ. ಇಂಥ ಕೆರೆಗಳ ಜೀವಲೋಕಕ್ಕೆ ಸೇರಿದ ಸೈಕ್ಲಾಪ್ಸ್ ಹಾಗೂ ನೀರುಚಿಗಟಗಳು ಬರಿಗಣ್ಣಿಗೆ ಚುಕ್ಕೆಗಳಂತೆ ಕಾಣುವ ಕಠಿಣಚರ್ಮಿಗಳು. ಒಂದು ಪ್ರಾಣಿಯ ದೇಹಕೋಶಗಳೆಲ್ಲದರಲ್ಲಿಯೂ ಡಿಎನ್‌ಎ ಪ್ರಮಾಣ ಸಮಾನವೆಂಬ ನಿಯಮದ ಮಿತಿಯನ್ನು ಈ ಎರಡು ಗುಂಪುಗಳು ಪರಸ್ಪರ ವಿರುದ್ಧ ದಿಕ್ಕುಗಳಿಂದ ತೋರಿಸಿಕೊಟ್ಟಿವೆ.

ಈ ನಿಯಮವನ್ನು 1948ರಲ್ಲಿ ಫ್ರಾನ್ಸಿನ ಬ್ವಾವೆಂ ಮತ್ತು ವಾಂದ್ರೆಲಿ ದಂಪತಿಗಳು ಪ್ರತಿಪಾದಿಸಿದರು. 1950ರಲ್ಲಿ ಹ್ಯೂಸನ್ ಸ್ವಿಫ್ಟ್ ಅದನ್ನು 'ಸಿ-ಮೌಲ್ಯ'ವೆಂಬ ಅಳತೆಯ ರೂಪಕ್ಕೆ ತಂದರು. ಆದರೆ ದುಂಡುಹುಳುವಿನ ಭ್ರೂಣದಲ್ಲಿ ದೇಹಕೋಶಗಳು ವರ್ಣತಂತುಗಳ ಭಾಗಗಳನ್ನು ತ್ಯಜಿಸುವುದನ್ನು ಬೊವೇರಿ 1887ರಲ್ಲಿಯೇ ಗುರುತಿಸಿದ್ದರು. ಸೈಕ್ಲಾಪ್ಸ್‌ನಲ್ಲಿಯೂ ಇಂಥದೇ ಪ್ರಕ್ರಿಯೆಯನ್ನು ಸಿಗ್ರಿಡ್ ಬೀರ್‌ಮನ್ 1959 ಮತ್ತು 1977ರ ಲೇಖನಗಳಲ್ಲಿ ವಿವರಿಸಿದರು. ಇದು ಕಂಡುಬರುವ ಪ್ರಭೇದಗಳಲ್ಲಿ ಸಂತಾನಕೋಶಗಳು ಮಾತ್ರ ಪೂರ್ಣ ಜೀನೋಮನ್ನು ಉಳಿಸಿಕೊಳ್ಳುತ್ತವೆ.

ನೀರುಚಿಗಟಗಳ ಮಾರ್ಗ ಬೇರೆ. ಇವುಗಳ ಜೀನೋಮ್ ಅತಿ ಚಿಕ್ಕದೆಂದೂ, ಕೆಲವು ದೇಹಕೋಶಗಳು ವಿಭಜನೆಗೊಳ್ಳದೆ ಡಿಎನ್‌ಎಯನ್ನು ಮತ್ತೆ ಮತ್ತೆ ಇಮ್ಮಡಿಸಿಕೊಂಡು ಬಹುಗುಣಿತವಾಗುತ್ತವೆಂದೂ ಬೀಟನ್ ಮತ್ತು ಹೆಬರ್ಟ್ 1989ರಲ್ಲಿ ನಿರೂಪಿಸಿದರು. 2011ರಲ್ಲಿ ಪ್ರಕಟವಾದ ಡಾಫ್ನಿಯಾ ಪುಲೆಕ್ಸ್‌ನ ಜೀನೋಮ್ ಸುಮಾರು 20 ಕೋಟಿ ಪ್ರತ್ಯಾಮ್ಲ ಜೋಡಿಗಳಷ್ಟು. ಮಾನವನದು ಸುಮಾರು 300 ಕೋಟಿ. ಹೀಗಾಗಿ ಜೀನೋಮ್ ಅಳೆಯುವವರಿಗೆ ಕೋಶದ ಆಯ್ಕೆ ನಿರ್ಣಾಯಕ. ಡಿಎನ್‌ಎ ತ್ಯಜಿಸಿದ ಸೈಕ್ಲಾಪ್ಸ್ ದೇಹಕೋಶವನ್ನು ಅಳೆದರೆ ಬೆಲೆ ಕಡಿಮೆ ಬರುತ್ತದೆ. ನೀರುಚಿಗಟದ ಬಹುಗುಣಿತ ಕೋಶವನ್ನು ಅಳೆದರೆ ಅದೇ ಬೆಲೆ ಹಲವು ಪಟ್ಟು ಹೆಚ್ಚುತ್ತದೆ.

ಕರ್ನಾಟಕದಲ್ಲಿ ಸೈಕ್ಲಾಪ್ಸ್ ಜನರಿಗೆ ಪರಿಚಿತವಾದದ್ದು ನಾರುಹುಣ್ಣಿನ ವಾಹಕವಾಗಿ. 1983–84ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಪೀಡಿತ ರಾಜ್ಯಗಳ ಪೈಕಿ ಕರ್ನಾಟಕವೂ ಒಂದು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಗಳ ಬದಲು ಸುರಕ್ಷಿತ ನೀರು ಒದಗಿಸುವುದು, ಟೆಮೆಫಾಸ್ ಬಳಸುವುದು ಅದರ ಮುಖ್ಯ ಕ್ರಮಗಳು. ದೇಶದ ಕೊನೆಯ ಪ್ರಕರಣ 1996ರಲ್ಲಿ ವರದಿಯಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ರೋಗಮುಕ್ತವೆಂದು ಪ್ರಮಾಣೀಕರಿಸಿತು. ಆ ಮಹತ್ಕಾರ್ಯಕ್ಕೆ ಸೈಕ್ಲಾಪ್ಸ್ ರೋಗವಾಹಕವೆಂಬ ತಿಳಿವಳಿಕೆ ಸಾಕಾಗಿತ್ತು. ಜೀನೋಮ್ ಅಧ್ಯಯನಕ್ಕಾದರೋ ಯಾವ ಪ್ರಭೇದ, ಯಾವ ಅಂಗಾಂಶ, ಯಾವ ವಯೋಹಂತ ಎಂಬುದೂ ಅವಶ್ಯ.

ನೀರುಚಿಗಟಗಳ ಸುಪ್ತ ಮೊಟ್ಟೆಗಳು ಬತ್ತಿದ ಕೆರೆಯ ಕೆಸರಿನಲ್ಲಿ ವರ್ಷಗಟ್ಟಲೆ ಉಳಿದು, ನೀರು ತುಂಬಿದಾಗ ಒಡೆಯಬಲ್ಲವು. ಆದ್ದರಿಂದ ಹೂಳು ಕೇವಲ ಮಣ್ಣಲ್ಲ. ಆ ಕೆರೆಯ ಜೀವಿಪರಂಪರೆಯ ದಾಖಲೆಯೂ ಹೌದು. ಹೂಳೆತ್ತುವುದು ಕೆರೆಯ ಉಳಿವಿಗೆ ಅಗತ್ಯ. ಅದಕ್ಕೆ ಮುನ್ನ ಪದರಪದರವಾಗಿ ಕೆಸರಿನ ಮಾದರಿಗಳನ್ನು ಸಂಗ್ರಹಿಸಿಟ್ಟರೆ, ಹೊಸಕೋಟೆ ಸೀಮೆಯ ಕೆರೆಗಳ ಪ್ರಭೇದಗಳನ್ನು ಗುರುತಿಸಿ, ಅವುಗಳ ಜೀನೋಮನ್ನು ಸರಿಯಾದ ಕೋಶದಿಂದ ಅಳೆಯುವ ಅವಕಾಶ ಮುಂದಿನ ಸಂಶೋಧಕರಿಗೆ ಉಳಿಯುತ್ತದೆ.